ಸರಪಳಿ ಕಡಿದ ಮೇಲೆ: ಟ್ರ್ಯಾಕ್ಟರ್ ಎಳೆತದ ಸ್ಪರ್ಧೆ, ಸುರಕ್ಷತೆ ಮತ್ತು ಕೆಲವು ತಪ್ಪು ಕಲ್ಪನೆಗಳು

ಸ್ಲೆಡ್ ಎಂಬ ಭಾರ ಹೇರಿದ ಜಾರುಬಂಡಿಯೊಂದನ್ನು ಟ್ರ್ಯಾಕ್ಟರಿನ ಹಿಂದೆ ಸರಪಳಿಯಿಂದ ಬಿಗಿದು, ಹದಗೊಳಿಸಿದ ಮಣ್ಣಿನ ಪಟ್ಟಿಯ ಮೇಲೆ ಅದನ್ನು ಎಷ್ಟು ದೂರ ಎಳೆಯಬಹುದೆಂದು ಅಳೆಯುವ ಆಟವೇ ಟ್ರ್ಯಾಕ್ಟರ್ ಎಳೆತದ ಸ್ಪರ್ಧೆ. ಅಮೆರಿಕದ ಕೃಷಿ ಜಾತ್ರೆಗಳಲ್ಲಿ ಕುದುರೆಗಳಿಂದ ಭಾರ ಎಳೆಸುವ ಪಂದ್ಯಗಳು ಮೊದಲಿನಿಂದಲೂ ಇದ್ದವು. ಹೊಲಕ್ಕೆ ಯಂತ್ರ ಬಂದ ಮೇಲೆ, 1929ರಲ್ಲಿ, ಓಹಾಯೋದ ವಾನ್ಸ್‌ವಿಲ್ ಮತ್ತು ಮಿಸೌರಿಯ ಬೌಲಿಂಗ್ ಗ್ರೀನ್ ಎಂಬ ಊರುಗಳಲ್ಲಿ ಮೊದಲ ಮೋಟಾರು ಎಳೆತಗಳು ನಡೆದವೆಂದು ಈ ಕ್ರೀಡೆಯ ಇತಿಹಾಸ ಹೇಳುತ್ತದೆ. ಊರಿಗೊಂದು ನಿಯಮವಿದ್ದ ಈ ಆಟಕ್ಕೆ ಒಂದೇ ಕಟ್ಟಳೆ ಬೇಕೆಂದು ಎಂಟು ರಾಜ್ಯಗಳ ಪ್ರತಿನಿಧಿಗಳು ಕೂಡಿ 1969ರಲ್ಲಿ ನ್ಯಾಷನಲ್ ಟ್ರ್ಯಾಕ್ಟರ್ ಪುಲ್ಲರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ಎತ್ತುಗಳು ಜಗ್ಗುವ ತೆರಬಂಡಿ ಸ್ಪರ್ಧೆಯನ್ನೋ, ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲೆಳೆಯುವುದನ್ನೋ ಕಂಡವರಿಗೆ ಇದರ ಹುರುಪು ಹೊಸದೇನಲ್ಲ. ಆದರೆ ಎತ್ತು ದಣಿದರೆ ತಾನೇ ನಿಲ್ಲುತ್ತದೆ, ಎಂಜಿನ್ ಹಾಗೆ ನಿಲ್ಲುವುದಿಲ್ಲ. ಈ ಕ್ರೀಡೆಯ ಸುರಕ್ಷತಾ ನಿಯಮಗಳಲ್ಲಿ ಬಹುಪಾಲು ಹುಟ್ಟಿರುವುದು ಈ ಒಂದು ವ್ಯತ್ಯಾಸದಿಂದ.

“ಹೊಲದ ಟ್ರ್ಯಾಕ್ಟರಿಗೆ ಇಷ್ಟೆಲ್ಲ ಕಟ್ಟಳೆ ಏಕೆ?”

ಸಾವಿರಾರು ಅಶ್ವಶಕ್ತಿಯ, ಸ್ಪರ್ಧೆಗೆಂದೇ ಕಟ್ಟಿದ ಯಂತ್ರಗಳು ಅಪಾಯಕಾರಿ, ಉಳುಮೆಯ ಟ್ರ್ಯಾಕ್ಟರನ್ನು ತಂದು ಎಳೆಯುವ ಹವ್ಯಾಸಿಗಳಿಗೆ ಭಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವು ಹಲವು ಅಂಶಗಳಲ್ಲಿ ಇದಕ್ಕೆ ತಿರುಗುಮುರುಗಾಗಿದೆ. ವೃತ್ತಿಪರರ ಯಂತ್ರದಲ್ಲಿ ಫ್ಲೈವೀಲ್, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಸಮವಾಗಿಡುವ ಭಾರದ ಚಕ್ರ, ಉಕ್ಕಿನದಾಗಿದ್ದು ಅದರ ಸುತ್ತ ಪರೀಕ್ಷಿಸಿದ ಉಕ್ಕಿನ ಕವಚವಿರುತ್ತದೆ. ಹೊಲದ ಟ್ರ್ಯಾಕ್ಟರಿನಲ್ಲಿ ಅದು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಎರಕದ ಕಬ್ಬಿಣ ಬಾಗುವ ಲೋಹವಲ್ಲ, ಸಿಡಿಯುವ ಲೋಹ. ತಿರುಗುವ ಚಕ್ರವನ್ನು ಹರಿಯಲೆಳಸುವ ಬಲ ವೇಗದ ವರ್ಗದ ಪ್ರಮಾಣದಲ್ಲಿ ಹೆಚ್ಚುವುದರಿಂದ, ನಿಮಿಷಕ್ಕೆ 2200 ಸುತ್ತಿಗೆ ಹೊಂದಿಸಿದ ಎಂಜಿನ್ನಿನ ವೇಗ ಮೀರದಂತೆ ತಡೆಯುವ ಗವರ್ನರನ್ನು ಸಡಿಲಿಸಿ 3300 ಸುತ್ತಿಗೆ ಏರಿಸಿದರೆ ವೇಗ ಒಂದೂವರೆ ಪಟ್ಟಾದರೂ ಆ ಬಲ ಎರಡೂಕಾಲು ಪಟ್ಟಾಗುತ್ತದೆ. ಇಂಧನ ಪಂಪಿನ ಒಂದು ತಿರುಪನ್ನು ಸ್ವಲ್ಪ ತಿರುಗಿಸಿದವನಿಗೆ ತಾನು ದೊಡ್ಡದೇನನ್ನೂ ಮಾಡಿಲ್ಲವೆಂದೇ ತೋರುತ್ತದೆ. ಹವ್ಯಾಸಿ ಸ್ಪರ್ಧೆಗಳಿಗೆ ಎಂಜಿನ್ ವೇಗದ ಮಿತಿ ಬೇಕಾಗುವುದು ಇದೇ ಕಾರಣಕ್ಕೆ.

“ಅನುಭವಿ ಚಾಲಕನಾದರೆ ಟ್ರ್ಯಾಕ್ಟರ್ ಮಗುಚುವುದಿಲ್ಲ”

ಈ ನಂಬಿಕೆಯನ್ನು ಸ್ವಲ್ಪ ವಿವರವಾಗಿಯೇ ಪರಿಶೀಲಿಸಬೇಕು, ಏಕೆಂದರೆ ಕಬ್ಬು ಹೇರಿದ ಟ್ರೇಲರನ್ನು ಎಳೆಯುವಾಗ ಮುಂದಿನ ಗಾಲಿ ಗಾಳಿಯಲ್ಲಿ ತೇಲಿಸಿಕೊಂಡು ಹೋಗುವ ಚಾಲಕನನ್ನು ಶೂರನೆಂದು ನೋಡುವ ರೂಢಿ ಕರ್ನಾಟಕದಲ್ಲೂ ಇದೆ. ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚುವುದು ಮುಖ್ಯವಾಗಿ ಮೂರು ಅಳತೆಗಳ ಲೆಕ್ಕಾಚಾರ: ಅದರ ತೂಕ, ಅದರ ಗುರುತ್ವಕೇಂದ್ರ ಹಿಂದಿನ ಅಚ್ಚಿಗಿಂತ ಎಷ್ಟು ಮುಂದಿದೆ ಎಂಬುದು, ಮತ್ತು ಭಾರವನ್ನು ಸಿಕ್ಕಿಸಿದ ಕೊಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಉದಾಹರಣೆಗೆ 2000 ಕಿಲೊ ತೂಕದ, ಗುರುತ್ವಕೇಂದ್ರವು ಹಿಂದಿನ ಅಚ್ಚಿನಿಂದ 70 ಸೆಂಟಿಮೀಟರ್ ಮುಂದಿರುವ ಟ್ರ್ಯಾಕ್ಟರೊಂದನ್ನು ಗಣಿಸಬಹುದು. ಕೊಂಡಿ 50 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಮೂತಿ ಏಳಬೇಕಾದರೆ ಸುಮಾರು 2800 ಕಿಲೊ ತೂಕಕ್ಕೆ ಸಮನಾದ ಎಳೆತ ಬೇಕು. ಆದರೆ ಗಟ್ಟಿ ಮಣ್ಣಿನ ಮೇಲೂ ಟೈರುಗಳ ಹಿಡಿತ ಟ್ರ್ಯಾಕ್ಟರಿನ ತೂಕದ ಐದರಲ್ಲಿ ನಾಲ್ಕು ಪಾಲೆಂದು ಹಿಡಿದರೆ ದೊರೆಯುವ ಎಳೆತ 1600 ಕಿಲೊ ಮಾತ್ರವಾದ್ದರಿಂದ, ಅದು ಮಗುಚುವ ಮೊದಲೇ ಗಾಲಿಗಳು ಜಾರುತ್ತವೆ. ಅದೇ ಸರಪಳಿಯನ್ನು 90 ಸೆಂಟಿಮೀಟರ್ ಎತ್ತರಕ್ಕೆ ಸಿಕ್ಕಿಸಿದರೆ 1560 ಕಿಲೊ ಎಳೆತಕ್ಕೇ ಮೂತಿ ಏಳುತ್ತದೆ, ಅಂದರೆ ಗಾಲಿ ಜಾರುವ ಮೊದಲು. ಚಾಲಕ ಅವನೇ, ಎಂಜಿನ್ ಅದೇ, ಮಣ್ಣೂ ಅದೇ. ಬದಲಾದದ್ದು ಕೊಂಡಿ ಮೊಳದಷ್ಟು ಮೇಲೇರಿದ್ದು.

ಅಮೆರಿಕದ ನಿಯಮಾವಳಿಗಳಲ್ಲಿ ಹಲವು ವರ್ಗಗಳ ಟ್ರ್ಯಾಕ್ಟರುಗಳಿಗೆ ಕೊಂಡಿಯ ಗರಿಷ್ಠ ಎತ್ತರವನ್ನು 20 ಇಂಚು, ಅಂದರೆ ಸುಮಾರು 51 ಸೆಂಟಿಮೀಟರ್ ಎಂದು ಗೊತ್ತುಮಾಡಿರುವುದರ ಹಿಂದೆ ಈ ಗಣಿತವಿದೆ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಅಡಗಿದೆ: ಅಚ್ಚಿಗಿಂತ ಕೆಳಗೆ ಮತ್ತು ಹಿಂದೆ ಇರುವ ಡ್ರಾಬಾರ್ ಎಂಬ ಎಳೆಯುವ ಪಟ್ಟಿಗೆ ಭಾರ ಸಿಕ್ಕಿಸಿದಾಗ, ಮೂತಿ ಎದ್ದಷ್ಟೂ ಹಿಂದಿನ ಕೊಂಡಿ ನೆಲದ ಕಡೆಗೆ ಇಳಿದು, ಮಗುಚಿಸುವ ಬಲ ತಾನಾಗಿಯೇ ಕುಗ್ಗುತ್ತದೆ; ನೇಗಿಲಿನ ಮೇಲ್ಭಾಗವನ್ನು ಹಿಡಿಯಲೆಂದು ಅಚ್ಚಿಗಿಂತ ಮೇಲಿರುವ ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಬಿಗಿದರೆ ಈ ರಕ್ಷಣೆ ಕೈಬಿಡುತ್ತದೆ. ಹಳ್ಳದಲ್ಲಿ ಹೂತ ಲಾರಿಯನ್ನು ಎಳೆಯುವಾಗಲೂ, ಮರದ ಬೊಡ್ಡೆ ಕೀಳುವಾಗಲೂ ಆಗುವ ಸಾವುಗಳಿಗೆ ಈ ತಪ್ಪು ಜಾಗದ ಗಂಟೇ ಕಾರಣವಾಗುವುದುಂಟು.

ಮೂತಿ ಎದ್ದಾಗ ಕ್ಲಚ್ ತುಳಿದರಾಯಿತು, ಇಲ್ಲವೇ ಹಾರಿಕೊಂಡರಾಯಿತು ಎಂಬ ಮಾತು ಇದೇ ನಂಬಿಕೆಯ ಬಾಲ. ಕೃಷಿ ಸುರಕ್ಷತೆಯ ಕೈಪಿಡಿಗಳು ಹೇಳುವ ಪ್ರಕಾರ, ಹಿಮ್ಮುಖವಾಗಿ ಮಗುಚುವ ಟ್ರ್ಯಾಕ್ಟರ್ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಮರಳಿ ಬಾರದ ಕೋನವನ್ನು ದಾಟಿ, ಒಂದೂವರೆ ಸೆಕೆಂಡಿನೊಳಗೆ ಬೆನ್ನಮೇಲೆ ಬೀಳುತ್ತದೆ. ಕಣ್ಣು ಕಂಡದ್ದನ್ನು ಕಾಲಿಗೆ ಮುಟ್ಟಿಸಲು ಬೇಕಾದ ಹೊತ್ತು ಅದರಲ್ಲಿ ಕಳೆದರೆ ಉಳಿಯುವುದು ಏನೂ ಇಲ್ಲ. ಆದ್ದರಿಂದ ನಿಯಮಗಳು ಚಾಲಕನ ಚುರುಕನ್ನು ನೆಚ್ಚದೆ, ಹಿಂದಿನ ಗಾಲಿಗಳ ಆಚೆಗೆ ಚಾಚಿಕೊಂಡಿರುವ ಎರಡು ಉಕ್ಕಿನ ಕಾಲುಗಳನ್ನು ಕೇಳುತ್ತವೆ; ಟ್ರ್ಯಾಕ್ಟರ್ ಹಿಂದಕ್ಕೆ ವಾಲಿದಾಗ ನೆಲಕ್ಕೆ ಊರಿಕೊಳ್ಳುವ ಈ ಕಾಲುಗಳು ಯಂತ್ರದ ತೂಕವನ್ನು ಹೊರುವಷ್ಟು ಗಟ್ಟಿಯಾಗಿರಬೇಕು. ಚಾಲಕನ ತಲೆಯ ಮೇಲಿನ ಉರುಳು ರಕ್ಷಣಾ ಚೌಕಟ್ಟಿನ ಬಗ್ಗೆಯೂ ಒಂದು ಅರೆ ತಿಳಿವಳಿಕೆ ಚಾಲ್ತಿಯಲ್ಲಿದೆ. 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿದ ಸ್ವೀಡನ್ ದೇಶದಲ್ಲಿ ಮುಂದಿನ ದಶಕಗಳಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹುತೇಕ ಇಲ್ಲವಾಯಿತೆಂಬುದು ನಿಜವಾದರೂ, ಚೌಕಟ್ಟು ಪೂರ್ತಿಯಾಗಿ ಕಾಯುವುದು ಸೀಟ್ ಬೆಲ್ಟ್ ಕಟ್ಟಿಕೊಂಡವನನ್ನು ಮಾತ್ರ; ಕಟ್ಟಿಕೊಳ್ಳದವನು ಚೌಕಟ್ಟಿನಿಂದ ಹೊರಗೆ ಎಸೆಯಲ್ಪಟ್ಟು ಅದರಡಿಗೇ ಸಿಕ್ಕಬಹುದು. ಚೌಕಟ್ಟೇ ಇಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಕಟ್ಟಿಕೊಳ್ಳಬಾರದೆಂಬುದೂ ಅಷ್ಟೇ ಖಚಿತವಾದ ಸಲಹೆ, ಆದರೆ ಅಂಥ ಟ್ರ್ಯಾಕ್ಟರಿಗೆ ಸ್ಪರ್ಧೆಯ ಪಟ್ಟಿಯ ಮೇಲೆ ಜಾಗವಿರಬಾರದು.

“ಕೀಲಿ ತಿರುಗಿಸಿದರೆ ಎಂಜಿನ್ ನಿಲ್ಲುತ್ತದೆ”

ಪೆಟ್ರೋಲ್ ಎಂಜಿನ್ನಿಗೆ ಇದು ಸರಿಯಾದ ಮಾತು, ಏಕೆಂದರೆ ಕಿಡಿ ನಿಂತರೆ ಅಲ್ಲಿ ಉರಿಯೂ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಶಾಖಕ್ಕೇ ಇಂಧನ ಹೊತ್ತಿಕೊಳ್ಳುವಂತೆ ಅದನ್ನು ರಚಿಸಲಾಗಿದೆ. ಯಾಂತ್ರಿಕ ಪಂಪಿನ ಟ್ರ್ಯಾಕ್ಟರುಗಳಲ್ಲಿ ಕೀಲಿ ತೆಗೆದರೂ ಎಂಜಿನ್ ಓಡುತ್ತಲೇ ಇರುವುದನ್ನೂ, ಇಂಧನ ತಡೆಯುವ ಗುಂಡಿಯನ್ನು ಎಳೆದಾಗಲೇ ಅದು ನಿಲ್ಲುವುದನ್ನೂ ರೈತರು ಬಲ್ಲರು. ಆದರೆ ಆ ಗುಂಡಿಯೂ ಕೈಕೊಡುವ ಒಂದು ಸಂದರ್ಭವಿದೆ. ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುವ ಟರ್ಬೊಚಾರ್ಜರಿನ ಸೀಲು ಒಡೆದು ಕೀಲೆಣ್ಣೆ ಗಾಳಿಯ ದಾರಿಗೆ ಸೋರಿದರೆ, ಎಂಜಿನ್ ತನ್ನ ಎಣ್ಣೆಯನ್ನೇ ಇಂಧನವಾಗಿ ಉಂಡು, ಯಾರ ಹತೋಟಿಗೂ ಸಿಗದೆ ವೇಗವೇರಿಸಿಕೊಳ್ಳುತ್ತದೆ; ಡೀಸೆಲ್ ನಿಲ್ಲಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಆಗ ಉಳಿಯುವ ನೆಚ್ಚಬಹುದಾದ ದಾರಿ ಗಾಳಿಯನ್ನೇ ಕಟ್ಟುವುದು.

ಇದಕ್ಕೆಂದೇ ರೂಪುಗೊಂಡ ಕಿಲ್ ಸ್ವಿಚ್ ಎಂಬ ಏರ್ಪಾಡು ನೋಡಲು ತೀರ ಸಾಮಾನ್ಯ. ಟ್ರ್ಯಾಕ್ಟರಿನ ಬೆನ್ನಿಗೆ, ನಡುಮಧ್ಯದಲ್ಲಿ, ಒಂದು ಉಕ್ಕಿನ ಉಂಗುರ. ಅದರಿಂದ ಗಾಳಿಯ ಕೊಳವೆಯವರೆಗೆ ಒಂದು ತಂತಿ. ಕೊಳವೆಯ ಬಾಯಲ್ಲಿ ಸ್ಪ್ರಿಂಗ್ ಬಿಗಿದು ತೆರೆದಿಟ್ಟ ಒಂದು ಮುಚ್ಚಳ. ಸರಪಳಿಯನ್ನು ಸಿಕ್ಕಿಸುವ ಸಹಾಯಕ, ಸ್ಲೆಡ್ಡಿನಿಂದ ಬಂದ ತೆಳು ಹಗ್ಗದ ತುದಿಯನ್ನು ಆ ಉಂಗುರಕ್ಕೆ ಸಿಕ್ಕಿಸಿ, ಆಮೇಲೆ ಪಕ್ಕಕ್ಕೆ ಸರಿದು ಸನ್ನೆ ಮಾಡುತ್ತಾನೆ. ಎಳೆತದ ನಡುವೆ ಸರಪಳಿ ಕಡಿದರೆ ಭಾರ ಕಳಚಿದ ಟ್ರ್ಯಾಕ್ಟರ್ ಮುಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಗೇ ಉಂಗುರ ಕಿತ್ತುಬಂದು, ಮುಚ್ಚಳ ಬಿದ್ದು, ಉಸಿರು ಸಿಗದ ಎಂಜಿನ್ ನಿಲ್ಲುತ್ತದೆ. ಚಾಲಕ ಗಾಬರಿಯಾಗಿರಲಿ, ಎಚ್ಚರ ತಪ್ಪಿರಲಿ, ಆಸನದಿಂದ ಉರುಳಿರಲಿ, ಈ ಕೆಲಸ ಅವನಿಗಾಗಿ ಕಾಯುವುದಿಲ್ಲ. ಪಂಜಾಬಿನ ಗುರುದಾಸಪುರ ಜಿಲ್ಲೆಯ ಗ್ರಾಮೀಣ ಮೇಳವೊಂದರಲ್ಲಿ 2023ರ ಅಕ್ಟೋಬರ್ 28ರಂದು, ಚಾಲಕನಿಲ್ಲದೆ ತಿರುಗುತ್ತಿದ್ದ ಟ್ರ್ಯಾಕ್ಟರಿನ ಮೇಲೆ ಮತ್ತೆ ಹತ್ತಲು ಹೋದ ಸಾಹಸ ಪ್ರದರ್ಶಕನೊಬ್ಬ ಅದರಡಿ ಸಿಕ್ಕಿ ಸತ್ತನು; ಬೆನ್ನಿಗೇ ಆ ರಾಜ್ಯ ಸರ್ಕಾರ ಟ್ರ್ಯಾಕ್ಟರ್ ಸಾಹಸ ಪ್ರದರ್ಶನಗಳನ್ನು ನಿಷೇಧಿಸಿತು. ಅದು ಎಳೆತದ ಸ್ಪರ್ಧೆಯಲ್ಲದಿದ್ದರೂ, ಚಾಲಕನಿಲ್ಲದೆ ಓಡುವ ಎಂಜಿನ್ನೆಂದರೆ ಏನೆಂಬುದನ್ನು ಅದಕ್ಕಿಂತ ಕಠೋರವಾಗಿ ತೋರಿಸುವುದು ಕಷ್ಟ.

“ಸರಪಳಿ ದಪ್ಪಗಿದ್ದರೆ ಸಾಕು”

ಪಂಜಾಬ್, ಹರಿಯಾಣಗಳಲ್ಲಿ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ಕಟ್ಟಿ ಎಳೆದಾಡಿಸುವ ಆಟಕ್ಕೆ ಟೋಚನ್ ಎಂಬ ಹೆಸರು ಬಂದಿರುವುದು ಟೋ ಚೈನ್ ಎಂಬ ಇಂಗ್ಲಿಷ್ ಮಾತಿನಿಂದ; ಆಟದ ಹೆಸರಿನಲ್ಲೇ ಸರಪಳಿ ಇದ್ದರೂ ಅದರ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕುವವರು ವಿರಳ. 10 ಮಿಲಿಮೀಟರ್ ದಪ್ಪದ, 80ನೆಯ ದರ್ಜೆಯ ಮಿಶ್ರಲೋಹದ ಸರಪಳಿಗೆ ನಿಗದಿಪಡಿಸಿದ ದುಡಿಮೆಯ ಭಾರ 3.15 ಟನ್, ಅದು ಕಡಿಯುವುದು ಅದರ ನಾಲ್ಕು ಪಟ್ಟಿಗೆ. ಈ ನಾಲ್ಕು ಪಟ್ಟಿನ ಅಂತರವನ್ನು ಉಳಿತಾಯವೆಂದು ಭಾವಿಸಿ ಬಳಸಿಕೊಳ್ಳುವುದೇ ತಪ್ಪು, ಏಕೆಂದರೆ ಅದನ್ನು ಇಟ್ಟಿರುವುದು ಸವೆತಕ್ಕೂ ಜಗ್ಗಿನ ಪೆಟ್ಟಿಗೂ. ಸಡಿಲ ಬಿಟ್ಟ ಸರಪಳಿಯನ್ನು ಟ್ರ್ಯಾಕ್ಟರ್ ಓಡಿಬಂದು ಬಿಗಿಗೊಳಿಸಿದಾಗ ಬೀಳುವ ಪೆಟ್ಟು ಸ್ಥಿರ ಎಳೆತದ ಹಲವು ಪಟ್ಟು ಆಗಬಹುದಾದ್ದರಿಂದ, ನಿಯಮಬದ್ಧ ಸ್ಪರ್ಧೆಗಳಲ್ಲಿ ಸರಪಳಿ ಬಿಗಿಯಾದ ಮೇಲೆಯೇ ಹಸಿರು ಬಾವುಟ ಏಳುತ್ತದೆ, ಜರ್ಕು ಹೊಡೆಯುವುದು ನಿಷಿದ್ಧ. ನೈಲಾನ್ ಹಗ್ಗ ಮೆತ್ತಗಿರುವುದರಿಂದ ಅಪಾಯವಿಲ್ಲವೆಂಬ ಮಾತಂತೂ ಪೂರ್ತಿ ತಲೆಕೆಳಗು: ಅದು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ತುಂಬಿಕೊಂಡಿದ್ದು, ಕಡಿದಾಗ ತುದಿಯ ಕೊಂಡಿಯನ್ನು ಕವಣೆಕಲ್ಲಿನಂತೆ ಬೀಸುತ್ತದೆ.

“ಪಕ್ಕದಲ್ಲಿ ನಿಂತರೆ ಭಯವಿಲ್ಲ, ಪರವಾನಗಿಯೂ ಇದೆ”

ಟ್ರ್ಯಾಕ್ಟರ್ ಹೋಗುವುದು ಮುಂದಕ್ಕಾದ್ದರಿಂದ ಅದರ ಮಗ್ಗುಲು ಸುರಕ್ಷಿತವೆಂದು ಪ್ರೇಕ್ಷಕರು ಸಹಜವಾಗಿ ಭಾವಿಸುತ್ತಾರೆ. ಆದರೆ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನಿನ ಮುಖ್ಯ ದಂಡ ಹಿಂದುಮುಂದಾಗಿ ಮಲಗಿರುವುದರಿಂದ ಫ್ಲೈವೀಲೂ ಕ್ಲಚ್ಚಿನ ತಟ್ಟೆಗಳೂ ಅದಕ್ಕೆ ಅಡ್ಡಲಾಗಿ ತಿರುಗುತ್ತವೆ, ಸಿಡಿದರೆ ಚೂರುಗಳು ಹಾರುವುದು ಆ ಅಡ್ಡ ಸಮತಲದಲ್ಲೇ, ಅಂದರೆ ಸರಿಯಾಗಿ ಮಗ್ಗುಲಲ್ಲಿ ನಿಂತವರ ಕಡೆಗೆ. ಎಂಜಿನ್ನಿನ ಇಕ್ಕೆಲಗಳಲ್ಲಿ ಲೋಹದ ತಡೆಹಲಗೆ, ಕ್ಲಚ್ಚಿನ ಸುತ್ತ ಕವಚ, ಟರ್ಬೊ ಚಕ್ರ ಒಡೆದರೆ ಚೂರು ಆಕಾಶಕ್ಕೆ ಹಾರದಂತೆ ಹೊಗೆ ಕೊಳವೆಯೊಳಗೆ ಅಡ್ಡಡ್ಡ ತೂರಿಸಿದ ಎರಡು ಗಟ್ಟಿ ಬೋಲ್ಟು, ಇವೆಲ್ಲ ಒಡೆಯುವುದನ್ನು ತಡೆಯುವ ಸಾಧನಗಳಲ್ಲ. ಒಡೆದದ್ದು ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡುವ ಸಾಧನಗಳು.

ಪರವಾನಗಿಯ ವಿಷಯಕ್ಕೆ ನೆದರ್ಲೆಂಡ್ಸಿನ ಹಾಕ್ಸ್‌ಬರ್ಗನ್ ಪಟ್ಟಣದ ದುರಂತವೇ ಸಾಕ್ಷಿ. 2014ರ ಸೆಪ್ಟೆಂಬರ್ 28ರಂದು ಅಲ್ಲಿನ ವಾಹನ ಪ್ರದರ್ಶನದಲ್ಲಿ, ಸಾಲಾಗಿಟ್ಟ ಹಳೆಯ ಕಾರುಗಳ ಮೇಲೆ ಹರಿದ ದೈತ್ಯಗಾಲಿಯ ಟ್ರಕ್ಕೊಂದು ನಿಲ್ಲದೆ ಜನರ ನಡುವೆ ನುಗ್ಗಿ ಮೂವರು ಸತ್ತರು. ಆ ಪ್ರದರ್ಶನಕ್ಕೆ ನಗರಾಡಳಿತದ ಅನುಮತಿ ಇತ್ತು. ಆದರೆ ಟ್ರಕ್ ಯಾವ ದಿಕ್ಕಿಗೆ ಓಡುತ್ತದೆ, ನಿಲ್ಲದಿದ್ದರೆ ಮುಂದೆ ಯಾರಿರುತ್ತಾರೆ ಎಂಬುದನ್ನು ಅನುಮತಿ ಕೊಡುವಾಗ ಸರಿಯಾಗಿ ತೂಗಿ ನೋಡಿರಲಿಲ್ಲವೆಂದು ಆ ದೇಶದ ಸುರಕ್ಷತಾ ಮಂಡಳಿಯ ತನಿಖೆ ತೋರಿಸಿತು. ಕಾಗದಕ್ಕೆ ಮೊಹರು ಬಿದ್ದಾಗ ಪರಿಶೀಲನೆಯೂ ಮುಗಿಯಿತೆಂಬ ಭ್ರಮೆಗೆ ಭಾಷೆಯ, ದೇಶದ ಗಡಿಯಿಲ್ಲ.

ಋತುವಿನ ಮೊದಲಲ್ಲಿ ಒಮ್ಮೆ ತಪಾಸಣೆಯಾದರೆ ವರ್ಷವಿಡೀ ಸಾಲುತ್ತದೆಂಬುದೂ ಇದೇ ಜಾತಿಯ ನಂಬಿಕೆ. ಕೊಂಡಿಯ ಎತ್ತರವನ್ನೇ ತೆಗೆದುಕೊಂಡರೆ, ಹಿಡಿತ ಹೆಚ್ಚಲೆಂದು ಟೈರಿನ ಗಾಳಿ ಇಳಿಸಿದಾಗ ಅದು ತಗ್ಗುತ್ತದೆ, ಮತ್ತೆ ತುಂಬಿದಾಗ ಏರುತ್ತದೆ. ಮುಂದಿನ ತೂಕದ ಕಬ್ಬಿಣಗಳನ್ನು ತೆಗೆದರೂ ಹಾಕಿದರೂ ಅಳತೆ ಬದಲಾಗುತ್ತದೆ. ಆದ್ದರಿಂದ ಅಳತೆ ಪಟ್ಟಿ ಹಿಡಿದವನು ನೆಲಕ್ಕೆ ಬಾಗಿ ಅಳೆಯಬೇಕಾದದ್ದು ಗಾಳಿ, ತೂಕ ಎಲ್ಲ ಸ್ಪರ್ಧೆಗೆ ಹೇಗೆ ಬೇಕೋ ಹಾಗೆ ಕೂತ ಮೇಲೆ, ಅದೇ ದಿನ, ಸ್ಲೆಡ್ಡಿಗೆ ಸರಪಳಿ ಸಿಕ್ಕಿಸುವ ಮೊದಲು. 20 ಇಂಚಿನ ಗೆರೆಯನ್ನು ಅರ್ಧ ಇಂಚು ದಾಟಿದ ಟ್ರ್ಯಾಕ್ಟರ್, ಯಾರದೇ ಆಗಿರಲಿ, ಗೆರೆಯೊಳಗೆ ಇಳಿದು ಬರುವವರೆಗೆ ಬದಿಯಲ್ಲೇ ನಿಲ್ಲಬೇಕಾಗುತ್ತದೆ.