ಎಲ್ಲವೆ ಇವತ್ತು?

ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಕುಂದೂರು ಕಡೆ ಬೆಳಿಗ್ಗೆ ತೋಟಕ್ಕೆ ಹೊರಟವರು ದಾರಿಯಲ್ಲಿ ಎದುರಾದರೆ ಮೊದಲು ಬರುವ ಮಾತು, ‘ಎಲ್ಲವೆ ಇವತ್ತು?’ ಏನು ಎಲ್ಲಿವೆ ಎಂದು ಬಿಡಿಸಿ ಕೇಳುವವರಿಲ್ಲ. ಆನೆ ಎಂಬ ಶಬ್ದ ಬಾಯಿಗೆ ಬರದೆಯೇ ಮಾತು ಮುಗಿಯುತ್ತದೆ. ಉತ್ತರ ಈಗ ಫೋನಿನಲ್ಲಿ ಸಿಗುತ್ತದೆ: ಇಂಥ ಹಿಂಡು ಇಂಥ ಎಸ್ಟೇಟಿನಲ್ಲಿದೆ, ಸುತ್ತಮುತ್ತಲಿನವರು ಹುಷಾರಾಗಿರಿ. ಈ ಎರಡು ಸಾಲು ಇಲ್ಲಿಯವರ ಕಿವಿ ಮುಟ್ಟುವ ಮುಂಚೆ ಒಂದು ಅಣೆಕಟ್ಟು, ಒಂದು ಕೋರ್ಟು, 22 ಆನೆಗಳ ಸೆರೆ ಎಲ್ಲ ಆಗಿ ಹೋಗಿದ್ದವು.

ಶುರುವಾದದ್ದು ಎಲ್ಲಿಂದ ಎಂದರೆ ಹಳಬರು ಹೇಮಾವತಿಯತ್ತ ಕೈ ತೋರಿಸುತ್ತಾರೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು. ಶೆಟ್ಟಿಹಳ್ಳಿಯ ಮುಳುಗಿದ ಚರ್ಚನ್ನು ನೋಡಲು ಇವತ್ತಿಗೂ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಾರೆ; ಮುಳುಗಿದ ಹೊಲ, ಕಣ, ಹಟ್ಟಿಗಳನ್ನು ಕೇಳುವವರಿಲ್ಲ. ನೀರು ಹಾಸನ, ಮಂಡ್ಯ, ತುಮಕೂರಿನ ಬಯಲಿಗೆ ಹರಿಯಿತು. ನೆಲ ಕಳೆದುಕೊಂಡವರಲ್ಲಿ ಅನೇಕರಿಗೆ ಬದಲಿ ಜಮೀನೆಂದು ಸಿಕ್ಕಿದ್ದು ಮೇಲುಸೀಮೆಯ ಕಾಡಂಚು.

ಆನೆ ಮೊದಲೂ ಬರುತ್ತಿತ್ತು. ಕೊಡಗಿನ ಕಡೆಯಿಂದ, ಪುಷ್ಪಗಿರಿ ಸಾಲಿನಿಂದ ಇಳಿದು ಬಂದು ಹೋಗುತ್ತಿತ್ತು. ಹೋಗುವುದನ್ನು ಬಿಟ್ಟು ನಿಂತದ್ದು ಆಮೇಲಿನ ಮಾತು. ಆಲೂರಿನಲ್ಲಿ ಉಳಿದಿರುವುದು ದೊಡ್ಡಬೆಟ್ಟ, ಕಟ್ಟೇಪುರದಂಥ ತುಂಡು ಕಾಡು. ಆದರೆ ಕಾಫಿ ತೋಟದಲ್ಲಿ ಹಗಲಿಗೆ ನೆರಳಿದೆ, ಕುಡಿಯಲು ಕೆರೆಯಿದೆ, ತಿನ್ನಲು ಬಗನಿಯಿದೆ, ಮಳೆಗಾಲದ ಹೊಸ್ತಿಲಲ್ಲಿ ಹಲಸಿದೆ. ಆಳು ಸಿಗದೆ ಪಾಳು ಬಿದ್ದ ಗದ್ದೆಗಳಲ್ಲಿ ಹುಲ್ಲು ಆಳೆತ್ತರ ಬೆಳೆದಿದೆ. ಉಳಿದ ಗದ್ದೆಯ ಭತ್ತ ಹಾಲುಗಟ್ಟುವ ಹೊತ್ತಿಗೆ ರಾತ್ರಿ ಇಳಿದು ಉಂಡು, ಬೆಳಕು ಹರಿಯುವುದರೊಳಗೆ ತೋಟ ಸೇರಿದರಾಯಿತು. ಗದ್ದೆ ಮಾಡುವುದನ್ನೇ ಬಿಟ್ಟೆವು ಎನ್ನುವ ಮನೆಗಳು ಹೆಚ್ಚಿದಷ್ಟೂ ಪಾಳು ಹೆಚ್ಚಿತು, ಪಾಳು ಹೆಚ್ಚಿದಷ್ಟೂ ಆನೆಗೆ ಜಾಗ ಹೆಚ್ಚಿತು.

ಆನೆಗೆ ಸಿಕ್ಕಿ ಸತ್ತವರ ದೇಹ ರಸ್ತೆಯಲ್ಲಿಟ್ಟು ಧರಣಿ ಕೂರುವುದು ಮಾಮೂಲಾಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಅದರ ನಿರ್ದೇಶನದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ, ವಿಜ್ಞಾನಿ ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟಿತು. ಆನೆಗೇ ಮೀಸಲಾದ ಪ್ರದೇಶ, ಆನೆಯೂ ಜನರೂ ಹೊಂದಿಕೊಂಡು ಇರಬಹುದಾದ ಪ್ರದೇಶ, ಆನೆಯನ್ನು ತೆಗೆಯಲೇಬೇಕಾದ ಪ್ರದೇಶ ಎಂದು ನಕ್ಷೆಯನ್ನು ಮೂರಾಗಿ ಹಂಚಿತು. ಆಲೂರು ಕಡೆಯ ಪಾಲಿಗೆ ಬಂದದ್ದು ಮೂರನೆಯದು. 2014ರಲ್ಲಿ ಸಾಕಾನೆಗಳನ್ನು ಕರೆಸಿ, ಅರಿವಳಿಕೆ ಹೊಡೆದು, 22 ಆನೆಗಳನ್ನು ಹಿಡಿದು ಲಾರಿ ಹತ್ತಿಸಿದರು. ಊರು ಉಸಿರು ಬಿಟ್ಟಿತು.

ಹೆಚ್ಚು ದಿನವಲ್ಲ. ಖಾಲಿಯಾದ ತೋಟಗಳಿಗೆ ಬೇರೆ ಆನೆಗಳು ಬಂದವು, ಇಲ್ಲೇ ಮರಿ ಹಾಕಿದವು. ನೆರಳು, ನೀರು, ಮೇವು ಹಾಗೇ ಇರುವಾಗ ಬಾಡಿಗೆದಾರರು ಬದಲಾದರಷ್ಟೆ.

ಆನೆ ಎಲ್ಲಿರಬೇಕು ಎಂಬ ವಾದ ಅಷ್ಟು ವರ್ಷ ನಡೆದಿತ್ತು. ಇವತ್ತು ಎಲ್ಲಿದೆ ಎಂದು ಹೇಳುವ ಏರ್ಪಾಡು ಬಂದದ್ದು ಕೊನೆಗೆ, ಅದೂ ತಮಿಳುನಾಡಿನ ಚಹಾ ತೋಟಗಳಿಂದ. ವಾಲ್ಪಾರೈಯಲ್ಲಿ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ಮೊಬೈಲ್ ಸಂದೇಶ ಕಳಿಸಿ, ದಾರಿಯಲ್ಲಿ ಕೆಂಪು ದೀಪ ಉರಿಸಿ ಸಾವು ತಗ್ಗಿಸಿದ್ದರು. ಆ ಕೆಲಸಕ್ಕೆ 2015ರಲ್ಲಿ ವಿಟ್ಲಿ ಪ್ರಶಸ್ತಿಯೂ ಬಂತು. ಅವರ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅರಣ್ಯ ಇಲಾಖೆಯ ಜೊತೆಗೂಡಿ 2017ರ ಹೊತ್ತಿಗೆ ಹಾಸನದಲ್ಲೂ ಆ ಏರ್ಪಾಡನ್ನು ಜಾರಿಗೆ ತಂದಿತು. ಹೆಜ್ಜೆ, ಲದ್ದಿ, ಮುರಿದ ಬಗನಿ ನೋಡಿಕೊಂಡು ಹಿಂದೆ ಹೋಗುವುದು, ಸಿಕ್ಕ ಜಾಗವನ್ನು ಸಂದೇಶ, ಧ್ವನಿ ಕರೆ, ರಸ್ತೆಬದಿಯ ಡಿಜಿಟಲ್ ಬೋರ್ಡುಗಳಲ್ಲಿ ತಿಳಿಸುವುದು. ಜನ ಸಾಯುತ್ತಿದ್ದುದು ಬಹುಪಾಲು ಆನೆ ಅಲ್ಲಿದೆ ಎಂದು ಗೊತ್ತಿಲ್ಲದೆ ತಿರುವಿನಲ್ಲಿ ಎದುರು ಬಿದ್ದು. ಆದ್ದರಿಂದ ಇಷ್ಟು ಸಣ್ಣ ಸುದ್ದಿಗೂ ಜೀವದ ಬೆಲೆ.

2022ರ ಕೊನೆಗೆ ಇಲಾಖೆ ತನ್ನದೇ ಆನೆ ಕಾರ್ಯಪಡೆ ಕಟ್ಟಿತು. ಹೆಸರು 2012ರದ್ದೇ. ಅದು ವರದಿ ಬರೆದ ಕಾರ್ಯಪಡೆ, ಇದು ಜೀಪು ಹತ್ತಿ ಕೆಸರು ತುಳಿಯುವ ಕಾರ್ಯಪಡೆ. ಹಿಂಡಿನ ಹಿರಿಯ ಹೆಣ್ಣಾನೆಗಳಿಗೆ ರೇಡಿಯೊ ಕಾಲರ್ ಬಿತ್ತು, ಹೆಸರೂ ಬಿತ್ತು: ಭುವನೇಶ್ವರಿ, ಓಲ್ಡ್ ಬೆಲ್ಟ್, ಬೀಟಮ್ಮ. ಗಂಡುಗಳಲ್ಲಿ ಭೀಮ, ಕ್ಯಾಪ್ಟನ್. ಹೆಸರು ಬಂದ ಮೇಲೆ ಮಾತಿನ ಧಾಟಿ ಬದಲಾಯಿತು. ‘ಆನೆ ಬಂತು’ ಎಂದು ಓಡುತ್ತಿದ್ದವರು ‘ಬಂದಿರೋದು ಯಾವುದು’ ಎಂದು ಕೇಳುತ್ತಾರೆ. ಇದನ್ನು ಸಲಿಗೆ ಎನ್ನಲು ನನಗೆ ಹಿಂಜರಿಕೆ. 2023ರ ಆಗಸ್ಟ್ 31ರಂದು ಹಳ್ಳಿಯೂರಿನ ಬಳಿ ಭೀಮನಿಗೆ ಅರಿವಳಿಕೆ ಹೊಡೆಯಲು ಹೋದ ‘ಆನೆ ವೆಂಕಟೇಶ್’ ಅವನಿಂದಲೇ ಸತ್ತರು. ಅದೇ ವರ್ಷದ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆಯ ಜೊತೆ ಕಾದಾಡಿ ಬಿದ್ದ.

ಜೀವಹಾನಿಯ ಪರಿಹಾರ 7.5 ಲಕ್ಷದಿಂದ 15 ಲಕ್ಷಕ್ಕೆ, ಆಮೇಲೆ 20 ಲಕ್ಷ ರೂಪಾಯಿಗೆ ಏರಿದೆ. ಹಳಿ ಕಂಬಿಯ ಬೇಲಿ, ಕಂದಕ, ಆನೆಧಾಮ ಎಂದು ಪ್ರತಿ ಚುನಾವಣೆಗೂ ಮಾತು ಹೊಸದಾಗುತ್ತದೆ. ಅಪಾಯ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಸಾಹುಕಾರರು ಜೀಪಿನಲ್ಲಿ ತೋಟ ಸುತ್ತುತ್ತಾರೆ, ಕೂಲಿಯವರು ಮಂಜು ಹರಿಯುವ ಮುಂಚೆ ನಡೆದೇ ಬರಬೇಕು. ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕನ್ನಡದ ಸಂದೇಶ ಅವರಿಗೆ ಓದಲು ಬಾರದು. ಅಂಥ ಕಡೆ ತೋಟದ ರೈಟರ್ ಫೋನು ನೋಡಿ, ‘ಹಾಥಿ, ಉಧರ್’ ಎಂದು ಕೈ ತೋರಿಸಬೇಕು. ಕೈ ತೋರಿದ ಕಡೆಯೇ ಆ ದಿನದ ಕೆಲಸವೂ ಇದ್ದು, ಆಳುಗಳು ವಾಪಸು ಹೋದರೆ ಅವತ್ತಿನ ಕೂಲಿ ಯಾರ ಲೆಕ್ಕಕ್ಕೆ ಎಂಬುದು ಆ ಎರಡು ಸಾಲಿನಲ್ಲಿ ಬಂದಿರುವುದಿಲ್ಲ.