ಕಲ್ಲಚ್ಚಿನ ಊರಿನಲ್ಲಿ ಲ್ಯಾಪ್‌ಟಾಪ್ ಹುಡುಕಾಟ

ಬಲ್ಮಠದ ಏರುರಸ್ತೆಯ ಒಂದು ಕಂಪ್ಯೂಟರ್ ಅಂಗಡಿ. ಹೊರಗೆ ಆಟಿಯ ಜಡಿಮಳೆ. ಒದ್ದೆ ಕೊಡೆಯನ್ನು ಬಾಗಿಲ ಬಳಿಯ ಬಾಲ್ದಿಯಲ್ಲಿಟ್ಟು ತಂದೆ ಮತ್ತು ಮಗ ಒಳಗೆ ಬಂದರು. ಹುಡುಗ ಮಾತಾಡಲಿಲ್ಲ. ತಂದೆಯೇ ಕೇಳಿದರು: "ಇವನಿಗೆ ವಿಡಿಯೊ ಎಡಿಟ್ ಮಾಡ್ಲಿಕ್ಕೆ ಒಂದು ಲ್ಯಾಪ್‌ಟಾಪ್ ಬೇಕಿತ್ತು. ನಲ್ವತ್ತೈದು ಸಾವಿರದ ಒಳಗೆ ಆಗ್ಬಹುದಾ?"

ಎಂಥ ವಿಡಿಯೊ ಎಂದು ಅಂಗಡಿಯವರು ಕೇಳಲಿಲ್ಲ. "ಇದು ಹೊಸ ಮಾಡೆಲ್ ಸಾರ್, ಐನೂರ ಹನ್ನೆರಡು ಜಿಬಿ ಉಂಟು" ಎಂದು ಒಂದನ್ನು ಮುಂದಿಟ್ಟರು. ತಂದೆ ಅದರ ಮುಚ್ಚಳವನ್ನು ಮೆಲ್ಲನೆ ಮುಟ್ಟಿ ನೋಡಿ ಮತ್ತೊಂದು ಪ್ರಶ್ನೆ ಹಾಕಿದರು: "ಅದು ಸಾಕಾ?"

ಆ ಪ್ರಶ್ನೆಗೆ ಅಲ್ಲಿ ಸರಿಯಾದ ಉತ್ತರ ಸಿಗಲಿಲ್ಲ. ಆದರೆ ಇಂದು ಮಂಗಳೂರಿನ ನೂರಾರು ಮನೆಗಳಲ್ಲಿ ಕೇಳಿಬರುತ್ತಿರುವ ಪ್ರಶ್ನೆ ಅದೇ. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಅನ್ನು ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಭಾರತಕ್ಕೆ ಬಂದವು. ಅಲ್ಲಿಂದೀಚೆಗೆ ಯಕ್ಷಗಾನದ ಒಂದು ಪ್ರವೇಶ, ಕಂಬಳದ ಒಂದು ಓಟ, ರೋಸ್ ಮನೆಯ ಒಂದು ಹಾಡು, ತುಳು ಹಾಸ್ಯದ ಒಂದು ತುಣುಕು ನಿಮಿಷದೊಳಗೆ ಊರು ದಾಟಿ ಕೊಲ್ಲಿ ರಾಷ್ಟ್ರದಲ್ಲಿರುವ ನೆಂಟರ ಅಂಗೈಗೆ ತಲುಪುತ್ತಿದೆ. ಮೊಬೈಲಿನಲ್ಲೇ ಕತ್ತರಿಸಿ ಜೋಡಿಸುತ್ತಿದ್ದವರಿಗೆ ಕೆಲಸ ಹೆಚ್ಚಿದಂತೆ ಲ್ಯಾಪ್‌ಟಾಪ್ ಬೇಕೆನಿಸುತ್ತದೆ. ಹೆಚ್ಚಿನವರ ಕೈಯಲ್ಲಿರುವುದು ನಲವತ್ತು, ಐವತ್ತು ಸಾವಿರ ರೂಪಾಯಿ. ಆ ಹಣದಲ್ಲಿ ಏನು ಸಾಕು, ಏನು ಸಾಲದು?

ಅಗ್ಗದ ಯಂತ್ರದ ಹಿರಿಮೆ

ಈ ಪ್ರಶ್ನೆ ಮಂಗಳೂರಿಗೆ ಹೊಸತೇನಲ್ಲ. ಇದೇ ಬಲ್ಮಠ ಗುಡ್ಡ ಬಾಸೆಲ್ ಮಿಷನ್ನಿನ ನೆಲೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು ಮಂಗಳೂರಿನ ಮಿಷನ್ ಮುದ್ರಣಾಲಯದಿಂದ. ಅಚ್ಚುಮೊಳೆಗಳಿಂದ ಕನ್ನಡವನ್ನು ಮುದ್ರಿಸುವ ವಿದ್ಯೆ ಅಷ್ಟರಲ್ಲಿ ಬಂದಾಗಿತ್ತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲೇ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ಆದರೆ ಮೊಳೆ ಎರಕ ಹೊಯ್ಯಿಸುವುದು ದುಬಾರಿ ಕೆಲಸ. ಒತ್ತಕ್ಷರ, ಗುಣಿತಾಕ್ಷರಗಳೆಲ್ಲ ಸೇರಿ ಕನ್ನಡಕ್ಕೆ ನೂರಾರು ಮೊಳೆಗಳು ಬೇಕು.

ಹಾಗಾಗಿ ಮಂಗಳೂರಿನವರು ಹಿಡಿದದ್ದು ಕಲ್ಲಚ್ಚಿನ ದಾರಿ. ಕೈಬರಹವನ್ನೇ ನಯವಾದ ಕಲ್ಲಿನ ಮೇಲೆ ಇಳಿಸಿ, ಶಾಯಿ ಹಚ್ಚಿ, ಕಾಗದ ಒತ್ತಿ ತೆಗೆಯುವ ಕ್ರಮವಿದು. ಮೊಳೆಯೇ ಬೇಡ. ಈ ವಿದ್ಯೆಯ ಹುಟ್ಟಿನ ಕಥೆಯೂ ಸ್ವಾರಸ್ಯಕರ. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತಾ 1796ರಲ್ಲಿ ಇದನ್ನು ಕಂಡುಹಿಡಿದ. ಹಣವಿಲ್ಲದವನ ಉಪಾಯವೇ ಮುಂದೆ ಕನ್ನಡ ಪತ್ರಿಕೋದ್ಯಮದ ತೊಟ್ಟಿಲಾಯಿತು.

ನಾಲ್ಕು ಪುಟದ ಪಾಕ್ಷಿಕಕ್ಕೆ ಕಲ್ಲಚ್ಚು ಸಾಕಾಗಿತ್ತು. ಪತ್ರಿಕೆ ಬೆಳೆದಾಗ ಅದು ಸಾಲದಾಯಿತು. 1844ರಲ್ಲಿ 'ಕನ್ನಡ ಸಮಾಚಾರ' ಎಂಬ ಹೆಸರು ಹೊತ್ತು ಪತ್ರಿಕೆ ಬಳ್ಳಾರಿಗೆ ಹೋಯಿತು. ಅಗ್ಗದ ಯಂತ್ರವನ್ನು ಆರಿಸುವುದು ತಪ್ಪಲ್ಲ. ಯಾವ ಕೆಲಸಕ್ಕೆ ಅದು ಸಾಕು, ಎಲ್ಲಿ ಸಾಲದು ಎಂದು ಮೊದಲೇ ತಿಳಿದಿರಬೇಕು, ಅಷ್ಟೆ.

ಯಂತ್ರ ಬೆವರುವುದು ಯಾಕೆ?

ಸಿನೆಮಾ ಸರಾಗವಾಗಿ ಓಡುವ ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್ ಮಾತ್ರ ತಡವರಿಸುತ್ತದಲ್ಲ, ಯಾಕೆ ಎಂಬ ಸಂದೇಹ ಸಹಜ. ಮೊಬೈಲು ಚಿತ್ರವನ್ನು ಹಿಡಿದಿಡುವ ರೀತಿಯಲ್ಲಿ ಇದಕ್ಕೆ ಉತ್ತರವಿದೆ.

ಯಕ್ಷಗಾನದ ರಂಗಸ್ಥಳವನ್ನು ನೆನೆಯಿರಿ. ಹಿಮ್ಮೇಳದವರು ಕೂತಲ್ಲೇ ಕೂತಿದ್ದಾರೆ, ದೀಪ ಅಲ್ಲೇ ಇದೆ, ಕುಣಿಯುತ್ತಿರುವುದು ವೇಷ ಮಾತ್ರ. ಸೆಕೆಂಡಿಗೆ ಮೂವತ್ತು ಚಿತ್ರ ತೆಗೆಯುವ ಮೊಬೈಲು ಅಷ್ಟನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಒಂದು ಚಿತ್ರವನ್ನು ಇಡಿಯಾಗಿ ಇಟ್ಟು, ಅನಂತರದ್ದರಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. 2003ರಲ್ಲಿ ಬಂದ ಎಚ್.264 ಎಂಬ ಕ್ರಮ ಇದನ್ನೇ ಮಾಡುತ್ತದೆ. 2013ರಲ್ಲಿ ಬಂದ ಎಚ್.265 ಸುಮಾರು ಅರ್ಧ ಜಾಗದಲ್ಲೇ ಅಷ್ಟೇ ಚೆಂದದ ಚಿತ್ರವನ್ನು ಇಡುತ್ತದೆ. ಆದರೆ ಬಿಡಿಸುವುದು ಇನ್ನೂ ಕಷ್ಟ.

ನೋಡುವಾಗ ಯಂತ್ರ ಮೊದಲಿನಿಂದ ಕೊನೆಗೆ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಎಡಿಟ್ ಮಾಡುವವರು ನಡುವಿಗೆ ಹಾರುತ್ತಾರೆ, ಹಿಂದೆ ಬರುತ್ತಾರೆ. ಪ್ರತಿ ಸಲವೂ ಯಂತ್ರ ಇಡಿಯಾದ ಚಿತ್ರವನ್ನು ಹುಡುಕಿ, ಅಲ್ಲಿಂದ ಬದಲಾವಣೆಗಳನ್ನು ಕೂಡಿಸುತ್ತಾ ಬರಬೇಕು. ಬೆವರುವುದು ಆಗಲೇ.

ಈ ಬಿಡಿಸುವ ಕೆಲಸಕ್ಕೆಂದೇ ಈಗಿನ ಇಂಟೆಲ್, ಎಎಂಡಿ ಪ್ರೊಸೆಸರುಗಳೊಳಗೆ ಪ್ರತ್ಯೇಕ ಭಾಗವೊಂದಿರುತ್ತದೆ. ಇಂಟೆಲ್ ಇದನ್ನು 2011ರಲ್ಲಿ 'ಕ್ವಿಕ್ ಸಿಂಕ್' ಎಂಬ ಹೆಸರಿನಲ್ಲಿ ತಂದಿತು. ಆದ್ದರಿಂದ ಮೂರು ನಿಮಿಷದೊಳಗಿನ ವಿಡಿಯೊ ಮಾಡುವವರು ಗೇಮಿಂಗ್ ಲ್ಯಾಪ್‌ಟಾಪಿಗೆಂದು ಸಾಲ ಮಾಡಬೇಕಾಗಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ.

ಹೆಸರಿನ ಹಿಂದಿನ ಅಂಕೆ

ಪ್ರೊಸೆಸರಿನ ಹೆಸರನ್ನು ಮಾತ್ರ ಪೂರ್ತಿ ಓದಬೇಕು. 'ರೈಜೆನ್ 5' ಎಂದೋ 'ಐ5' ಎಂದೋ ಚೀಟಿಯಲ್ಲಿದ್ದರೆ ಸಾಲದು. ಎಎಂಡಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಎಂಬ ಎರಡನ್ನು ನೋಡಿ. ಅಂಗಡಿಯ ಚೀಟಿಯಲ್ಲಿ ಎರಡೂ ಅಣ್ಣ ತಮ್ಮಂದಿರಂತೆ ಕಾಣುತ್ತವೆ. ಮೊದಲ ಅಂಕೆ 7 ಮಾರುಕಟ್ಟೆಯ ಸರಣಿಯದ್ದು. ಒಳಗಿನ ವಿನ್ಯಾಸ ಯಾವ ಕಾಲದ್ದೆಂದು ಹೇಳುವುದು ಮೂರನೆಯ ಅಂಕೆ. 7520ರಲ್ಲಿರುವ 2 ಎಂದರೆ 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರ್. 7530ರಲ್ಲಿರುವ 3 ಎಂದರೆ 2020ರ ವಿನ್ಯಾಸ, ಆರು ಕೋರ್. ಹೊಸ ಅಂಗಿ ತೊಟ್ಟ ಹಳಬ ಯಾರೆಂದು ಈ ಒಂದು ಅಂಕೆ ಹೇಳಿಬಿಡುತ್ತದೆ.

ಇಂಟೆಲ್‌ನಲ್ಲಿ ಕೊನೆಯ ಅಕ್ಷರವನ್ನು ಗಮನಿಸಿ. 'ಯು' ಎಂದಿದ್ದರೆ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವಂಥದ್ದು, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. 'ಎಚ್' ಎಂದಿದ್ದರೆ ಹೆಚ್ಚು ವಿದ್ಯುತ್ತು, ಹೆಚ್ಚು ಬಲ, ಜತೆಗೆ ಹೆಚ್ಚು ಬಿಸಿ. ಮನೆಯಲ್ಲಿ ಪ್ಲಗ್ ಹಾಕಿಯೇ ಎಡಿಟ್ ಮಾಡುವವರಿಗೆ ಎಚ್ ಅನುಕೂಲ.

ಚೌಕಿ ಮತ್ತು ಪೆಟ್ಟಿಗೆ

ರ್‍ಯಾಮ್ ಮತ್ತು ಸ್ಟೋರೇಜ್ ಎರಡನ್ನೂ ಜಿಬಿಯಲ್ಲೇ ಅಳೆಯುವುದರಿಂದ ಗೊಂದಲವಾಗುತ್ತದೆ. ಮೇಳದ ಪೆಟ್ಟಿಗೆ ಮತ್ತು ಚೌಕಿಯ ಹೋಲಿಕೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಸ್ಟೋರೇಜ್ ಎಂದರೆ ವೇಷಭೂಷಣ ತುಂಬಿದ ಪೆಟ್ಟಿಗೆ. ರ್‍ಯಾಮ್ ಎಂದರೆ ಅವನ್ನು ಬಿಚ್ಚಿ ಹರವಿಕೊಳ್ಳುವ ಚೌಕಿ. ಚೌಕಿ ಇಕ್ಕಟ್ಟಾದರೆ ಒಂದು ಕಿರೀಟವನ್ನು ಪೆಟ್ಟಿಗೆಗೆ ಹಾಕಿ ಇನ್ನೊಂದನ್ನು ತೆಗೆಯಬೇಕು. ಅಷ್ಟರಲ್ಲಿ ಭಾಗವತರು ಪದ ಮುಗಿಸಿರುತ್ತಾರೆ.

8 ಜಿಬಿ ರ್‍ಯಾಮಿನಲ್ಲಿ ಚಿಕ್ಕ ವಿಡಿಯೊ ಮಾಡಬಹುದು, 16 ಜಿಬಿಯಲ್ಲಿ ನೆಮ್ಮದಿಯಾಗಿ ಮಾಡಬಹುದು. ಈಗ ಹಣ ಸಾಲದಿದ್ದರೆ 8 ಜಿಬಿಯದ್ದನ್ನೇ ಕೊಳ್ಳಿ, ಆದರೆ ಮುಂದೆ ಸೇರಿಸಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿಯೇ ಕೊಳ್ಳಿ. ಕೆಲವು ಮಾದರಿಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದರಲ್ಲಿ ಚೌಕಿಯನ್ನು ದೊಡ್ಡದು ಮಾಡುವಂತಿಲ್ಲ.

ಪೆಟ್ಟಿಗೆಯ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ಐಫೋನ್ ಕಂಪೆನಿಯೇ ಕೊಡುವ ಅಂದಾಜಿನಂತೆ ಸೆಕೆಂಡಿಗೆ 30 ಚಿತ್ರದ ಎಚ್.265 ವಿಡಿಯೊ ನಿಮಿಷಕ್ಕೆ 1080ಪಿ ಅಳತೆಯಲ್ಲಿ 60 ಎಂಬಿ, 4ಕೆಯಲ್ಲಿ 170 ಎಂಬಿ ಜಾಗ ಹಿಡಿಯುತ್ತದೆ. ಆರು ಗಂಟೆಯ ಆಟವೊಂದನ್ನು ಪೂರ್ತಿ ಚಿತ್ರೀಕರಿಸಿದರೆ 1080ಪಿಯಲ್ಲಿ ಸುಮಾರು 22 ಜಿಬಿ, 4ಕೆಯಲ್ಲಿ 61 ಜಿಬಿ. ಅಂಗೈಯ ಪರದೆಯಲ್ಲಿ ನೋಡುವ ತುಣುಕಿಗೆ 1080ಪಿ ಧಾರಾಳವಾಗಿ ಸಾಕು. 512 ಜಿಬಿಯ ಎಸ್‌ಎಸ್‌ಡಿ ಇರಲಿ. 64 ಅಥವಾ 128 ಜಿಬಿಯ 'ಇಎಂಎಂಸಿ' ಎಂದು ಬರೆದಿರುವ ತೀರಾ ಅಗ್ಗದ ಯಂತ್ರ ಈ ಕೆಲಸಕ್ಕಲ್ಲ.

ಇನ್ನು ಪರದೆ. ಐಪಿಎಸ್ ಪರದೆಯೇ ಬೇಕು. ವಿವರಪಟ್ಟಿಯಲ್ಲಿ '45 ಶೇಕಡಾ ಎನ್‌ಟಿಎಸ್‌ಸಿ' ಎಂದಿದ್ದರೆ ಬಣ್ಣ ಮಂಕು. 'ನೂರು ಶೇಕಡಾ ಎಸ್‌ಆರ್‌ಜಿಬಿ' ಎಂದಿದ್ದರೆ ನಂಬಬಹುದು. ಮಂಕು ಪರದೆಯಲ್ಲಿ ಬಣ್ಣವೇಷದ ಕೆಂಪನ್ನು ನೋಡಿ ಇನ್ನಷ್ಟು ಏರಿಸಿದರೆ, ಬೇರೆಯವರ ಮೊಬೈಲಿನಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ.

ಹಳೆಯ ಸಂಕಲನಕಾರರ ಉಪಾಯ

ಇಷ್ಟೆಲ್ಲ ನೋಡಿ ಕೊಂಡರೂ 4ಕೆ ಚಿತ್ರದ ಮುಂದೆ ಯಂತ್ರ ಮುಗ್ಗರಿಸಬಹುದು. ಅದಕ್ಕೆ ಖರ್ಚಿಲ್ಲದ ಪರಿಹಾರವಿದೆ, ಅದೂ ಹಳೆಯದೇ. ತುಳುವಿನ ಮೊದಲ ಚಲನಚಿತ್ರ 'ಎನ್ನ ತಂಗಡಿ' ತೆರೆಕಂಡದ್ದು 1971ರಲ್ಲಿ. ಆ ಫಿಲ್ಮಿನ ಕಾಲದಲ್ಲಿ ಸಂಕಲನಕಾರರು ಮೂಲ ನೆಗೆಟಿವ್‌ಗೆ ಕತ್ತರಿ ತಾಗಿಸುತ್ತಿರಲಿಲ್ಲ. ಅದರ ಪ್ರತಿಯೊಂದನ್ನು ತೆಗೆದು, ಅದನ್ನೇ ಕತ್ತರಿಸಿ, ಅಂಟಿಸಿ, ನೋಡಿ, ಎಲ್ಲ ತೀರ್ಮಾನವಾದ ಮೇಲೆ ಕೊನೆಗೊಮ್ಮೆ ನೆಗೆಟಿವ್ ಅನ್ನು ಅದಕ್ಕೆ ಸರಿಯಾಗಿ ಜೋಡಿಸುತ್ತಿದ್ದರು.

ಇಂದಿನ ತಂತ್ರಾಂಶಗಳಲ್ಲಿ 'ಪ್ರಾಕ್ಸಿ' ಎಂಬ ಸೌಲಭ್ಯ ಮಾಡುವುದು ಇದನ್ನೇ. ದೊಡ್ಡ ಚಿತ್ರದ ಹಗುರವಾದ ನಕಲು ತಯಾರಾಗುತ್ತದೆ. ಕತ್ತರಿಸುವುದು ನಕಲಿನಲ್ಲಿ, ಕೊನೆಯ ಪ್ರತಿ ಹೊರಬರುವುದು ಮೂಲದಿಂದ. ಕೆಡೆನ್‌ಲೈವ್, ಶಾಟ್‌ಕಟ್‌ಗಳಂಥ ಉಚಿತ ತಂತ್ರಾಂಶಗಳಲ್ಲೂ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದು ಲಭ್ಯ. ರಿಸಾಲ್ವ್ ಹೆಚ್ಚು ರ್‍ಯಾಮ್ ಬಯಸುತ್ತದೆ. 8 ಜಿಬಿಯವರಿಗೆ ಮೊದಲಿನ ಎರಡು ವಾಸಿ.

ಒತ್ತಕ್ಷರದ ಪರೀಕ್ಷೆ

ಕನ್ನಡದವರು ಮಾಡಲೇಬೇಕಾದ ಪರೀಕ್ಷೆ ಇನ್ನೊಂದಿದೆ. ಬಳಸಬೇಕೆಂದಿರುವ ತಂತ್ರಾಂಶದಲ್ಲಿ 'ಸ್ವಾತಂತ್ರ್ಯ', 'ಯಕ್ಷಗಾನ' ಎಂದು ಟೈಪ್ ಮಾಡಿ ನೋಡಿ. ಮೊಳೆಯ ಕಾಲದಲ್ಲಿ ಕಾಡಿದ ಒತ್ತಕ್ಷರ ಕೆಲವು ತಂತ್ರಾಂಶಗಳಲ್ಲಿ ಈಗಲೂ ಕಾಡುತ್ತದೆ. ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಸರಿಯುತ್ತದೆ. ಅಡೋಬಿ ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿಕೊಂಡರೆ ಸರಿಹೋಗುತ್ತದೆ. ಅಕ್ಷರ ಒಡೆದರೆ ತಪ್ಪು ಲ್ಯಾಪ್‌ಟಾಪಿನದ್ದಲ್ಲ, ಹೆಚ್ಚಿನ ಹಣ ಕೊಟ್ಟರೆ ಅದು ಸರಿಹೋಗುವುದೂ ಇಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುವ ಜಾಣ ಕೀಲಿಮಣೆ ವಿನ್ಯಾಸವನ್ನು ಕೊಟ್ಟ ಕೆ.ಪಿ. ರಾವ್ ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು ಎಂಬುದನ್ನು ಇಲ್ಲಿ ನೆನೆಯಬೇಕು.

ಹೊಸದನ್ನು ಕೊಳ್ಳಲಾಗದವರು ಕಚೇರಿಗಳಲ್ಲಿ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪುಗಳತ್ತ ನೋಡುವುದುಂಟು. ತಪ್ಪೇನಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರು ಇದ್ದರೆ ಕ್ಷೇಮ.

ನಲವತ್ತು ಸೆಕೆಂಡಿನ ಅಜ್ಜಿ

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದಾಗ ಎಲ್ಲಕ್ಕಿಂತ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಯಾವುದೆಂದು ಕೇಳಿ ಅದನ್ನೇ ಕೊಂಡಿದ್ದೆ. 4 ಜಿಬಿ ರ್‍ಯಾಮ್, ಬೋರ್ಡಿಗೆ ಬೆಸೆದ 64 ಜಿಬಿ ಸ್ಟೋರೇಜ್. ಆ ರಜೆಯಲ್ಲಿ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ನೇಜಿ ನೆಡುವಾಗ ಅವರು ಹಾಡುತ್ತಿದ್ದ ಪಾಡ್ದನಗಳನ್ನು ಮೊಬೈಲಿನಲ್ಲಿ ಹಿಡಿದೆ. ಎರಡು ಗಂಟೆ ಹಾಡಿದರು. ನಡುನಡುವೆ ಮರೆತು, ನಕ್ಕು, ಮತ್ತೆ ನೆನಪಿಸಿಕೊಂಡು. ಮೊಬೈಲು ತುಂಬಿದ್ದರಿಂದ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ಅಳಿಸಿದೆ. ನಲವತ್ತು ಸೆಕೆಂಡಿನ ಒಂದು ತುಣುಕನ್ನು ಕತ್ತರಿಸಿ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದೆ.

ಮಳೆಗಾಲದಲ್ಲಿ ಒಂದು ದಿನ ಆ ಯಂತ್ರ ಏಳಲಿಲ್ಲ. ರಿಪೇರಿಯವರು ಕವಚ ಬಿಚ್ಚಿ ತೋರಿಸಿದರು: ಕಳಚಿ ತೆಗೆದು ಬೇರೆಡೆ ಹಾಕಿ ನೋಡಲು ಅದರಲ್ಲಿ ಡಿಸ್ಕೇ ಇರಲಿಲ್ಲ. ಮರುವರ್ಷದ ಆಟಿಗೆ ಅಜ್ಜಿಯೂ ಇರಲಿಲ್ಲ. ಈಗ ನಮ್ಮ ಬಳಿ ಉಳಿದಿರುವುದು ನಲವತ್ತು ಸೆಕೆಂಡಿನ ಅಜ್ಜಿ ಮಾತ್ರ.

ಆದ್ದರಿಂದ ನಲವತ್ತೈದು ಸಾವಿರದಲ್ಲಿ ಒಂದು ಪಾಲನ್ನು ಹೊರಗಿನ ಹಾರ್ಡ್ ಡಿಸ್ಕಿಗೆಂದು ಮೊದಲೇ ತೆಗೆದಿಡಿ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಪರವಾಗಿಲ್ಲ, ಹೆಚ್ಚು ಹೊತ್ತು ಕಾದರೆ ಕೆಲಸ ಮುಗಿಯುತ್ತದೆ. ಹೋದ ಚಿತ್ರ ಕಾದರೂ ಬಾರದು. ಮೂಲ ಚಿತ್ರೀಕರಣದ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಮುಖ್ಯವಾದದ್ದು ಇನ್ನೊಂದು ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ ಇರಲಿ. ನಮ್ಮ ಕರಾವಳಿಯ ತೇವಕ್ಕೆ ಡಿಸ್ಕನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡುವುದು ಲೇಸು.

ಬಲ್ಮಠದ ಆ ಅಂಗಡಿಯಲ್ಲಿ ಕೊನೆಗೆ ನಾನೇ ಹುಡುಗನನ್ನು ಕೇಳಿದೆ, "ಎಂಥ ವಿಡಿಯೊ ಮಾಡ್ತೀ?" ಆತ ತಂದೆಯ ಮುಖ ನೋಡಿ ಮೆಲ್ಲಗೆ ಹೇಳಿದ: "ಅಪ್ಪ ಚೆಂಡೆ ಬಾರಿಸ್ತಾರೆ. ಅದನ್ನು."

ತಂದೆಗೆ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಡಿಯವರತ್ತ ತಿರುಗಿ, ಹೊರಗಿನ ಡಿಸ್ಕಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದರು.