ಬ್ರಸೆಲ್ಸ್‌ನ ನಿರ್ದೇಶನ, ದೇಶಕ್ಕೊಂದು ಕಾನೂನು

ಐರೋಪ್ಯ ಒಕ್ಕೂಟದ ಶಾಸನಗಳಲ್ಲಿ ಮುಖ್ಯವಾದ ಬಗೆಗಳು ಎರಡು. ‘ರೆಗ್ಯುಲೇಷನ್’ ಎಂಬುದು ಅನ್ವಯದ ದಿನ ಬಂತೆಂದರೆ ಒಕ್ಕೂಟದ 27 ದೇಶಗಳಲ್ಲೂ ನೇರವಾಗಿ ಕಾನೂನಾಗುತ್ತದೆ; ‘ಡೈರೆಕ್ಟಿವ್’, ಅಂದರೆ ನಿರ್ದೇಶನ, ಸಾಧಿಸಬೇಕಾದ ಗುರಿಯನ್ನು ಗೊತ್ತುಪಡಿಸಿ, ಅದಕ್ಕೆ ತಕ್ಕ ಕಾನೂನನ್ನು ಗಡುವಿನೊಳಗೆ ರಚಿಸುವ ಹೊಣೆಯನ್ನು ಆಯಾ ದೇಶಕ್ಕೆ ಬಿಡುತ್ತದೆ. ಬ್ಯಾಂಕು, ವಿಮಾ ಸಂಸ್ಥೆಗಳ ಸೈಬರ್ ಭದ್ರತೆಗೆ ಸಂಬಂಧಿಸಿದ ‘ಡೋರಾ’ ಮೊದಲನೆಯ ಬಗೆಯದು. ವಿದ್ಯುತ್, ಆಸ್ಪತ್ರೆ, ಕುಡಿಯುವ ನೀರು ಸೇರಿ 18 ವಲಯಗಳನ್ನು ವ್ಯಾಪಿಸುವ ‘ಎನ್‌ಐಎಸ್-2’ ಎರಡನೆಯ ಬಗೆಯದು.

2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಈ ನಿರ್ದೇಶನವನ್ನು 2024ರ ಅಕ್ಟೋಬರ್ 17ರೊಳಗೆ ದೇಶೀಯ ಕಾನೂನಾಗಿ ಮಾಡಿಕೊಳ್ಳಬೇಕಿತ್ತು. ಬೆಲ್ಜಿಯಂ ಆ ವರ್ಷದ ಏಪ್ರಿಲ್‌ನಲ್ಲೇ ಕಾನೂನು ರಚಿಸಿ ಮುಗಿಸಿತು. ಜರ್ಮನಿಯಲ್ಲಾದರೋ ಮಸೂದೆ ಸಂಸತ್ತಿನ ಮುಂದಿರುವಾಗಲೇ ಸಮ್ಮಿಶ್ರ ಸರ್ಕಾರ ಮುರಿದು, ಅವಧಿಗೆ ಮುನ್ನವೇ ಚುನಾವಣೆ ನಡೆದು, ಹಳೆಯ ಸಂಸತ್ತಿನೊಂದಿಗೆ ಮಸೂದೆಯೂ ಬಿದ್ದುಹೋಯಿತು. ಹೊಸ ಸರ್ಕಾರ ಮಂಡಿಸಿದ ಮಸೂದೆ ಕಾನೂನಾಗಿ ಜಾರಿಗೆ ಬಂದದ್ದು 2025ರ ಡಿಸೆಂಬರ್ 6ರಂದು. ಗಡುವು ತಪ್ಪಿಸಿದ್ದು ಜರ್ಮನಿಯೊಂದೇ ಅಲ್ಲ: 2024ರ ನವೆಂಬರ್‌ನಲ್ಲಿ ಐರೋಪ್ಯ ಆಯೋಗ 23 ದೇಶಗಳಿಗೆ ನೋಟಿಸ್ ನೀಡಿತ್ತು.

ಈ ನಡುವಿನ ಕಾಲದಲ್ಲಿ ಸಂಸ್ಥೆಗಳ ಸ್ಥಿತಿ ವಿಚಿತ್ರವಾದದ್ದು. ದೇಶೀಯ ಕಾನೂನಾಗದ ನಿರ್ದೇಶನವನ್ನೇ ಆಧಾರವಾಗಿಟ್ಟುಕೊಂಡು ಸರ್ಕಾರ ಖಾಸಗಿ ಕಂಪನಿಯ ಮೇಲೆ ಹೊಣೆ ಹೊರಿಸುವಂತಿಲ್ಲ; ಒಕ್ಕೂಟದ ಕಣ್ಣಿನಲ್ಲಿ ಆಗ ತಪ್ಪಿತಸ್ಥ ಸರ್ಕಾರವೇ ಹೊರತು ಕಂಪನಿಯಲ್ಲ. ಆದರೂ ಬರಲಿರುವುದು ಏನೆಂಬುದು ಗುಟ್ಟೇನಲ್ಲವಾದ್ದರಿಂದ, ಮಸೂದೆ ಅಂಗೀಕಾರವಾಗುವವರೆಗೆ ಕೈಕಟ್ಟಿ ಕೂರುವುದು ಜಾಣತನವೆನಿಸದು.

ದೊಡ್ಡ ದಾಳಿ ಗಮನಕ್ಕೆ ಬಂದ 24 ಗಂಟೆಗಳಲ್ಲಿ ಮುನ್ಸೂಚನೆ, 72 ಗಂಟೆಗಳಲ್ಲಿ ವಿವರವಾದ ಮಾಹಿತಿ, ಅದಾದ ಒಂದು ತಿಂಗಳೊಳಗೆ ಅಂತಿಮ ವರದಿ ಕೊಡಬೇಕೆಂಬುದು ನಿರ್ದೇಶನದ ನಿಯಮ. ಭದ್ರತಾ ಕ್ರಮಗಳಿಗೆ ಆಡಳಿತ ಮಂಡಳಿಯೇ ಒಪ್ಪಿಗೆ ನೀಡಿ, ಉಸ್ತುವಾರಿಯನ್ನೂ ವಹಿಸಬೇಕು. ಐಟಿ ವಿಭಾಗದತ್ತ ಬೆರಳು ತೋರಿಸಿ ಪಾರಾಗುವ ದಾರಿಯನ್ನು ಮುಚ್ಚಿದ್ದೇ ಬಹುಶಃ ಇದರ ದೊಡ್ಡ ಸಾಧನೆ. ‘ಅತ್ಯಗತ್ಯ’ ವರ್ಗದ ಸಂಸ್ಥೆಗಳಿಗೆ ವಿಧಿಸಬಹುದಾದ ಗರಿಷ್ಠ ದಂಡವನ್ನು ಯಾವ ದೇಶವೂ 1 ಕೋಟಿ ಯೂರೊ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 2, ಇವೆರಡರಲ್ಲಿ ಹೆಚ್ಚಿನದಕ್ಕಿಂತ ಕೆಳಗೆ ನಿಗದಿಪಡಿಸುವಂತಿಲ್ಲ. ಇವೆಲ್ಲ ಕನಿಷ್ಠ ಮಟ್ಟ ಮಾತ್ರ. ಇದಕ್ಕಿಂತ ಬಿಗಿಯಾದ ಕಾನೂನು ಮಾಡುವ ಸ್ವಾತಂತ್ರ್ಯ ದೇಶಗಳಿಗಿರುವುದರಿಂದ, ಹಲವು ದೇಶಗಳಲ್ಲಿ ಅಂಗಸಂಸ್ಥೆಗಳಿರುವ ಕಂಪನಿ ಒಂದೇ ನಿರ್ದೇಶನವನ್ನು ಹಲವು ರೂಪಗಳಲ್ಲಿ ಪಾಲಿಸಬೇಕಾಗುತ್ತದೆ.

ಸಾಫ್ಟ್‌ವೇರ್ ಮತ್ತು ಸೇವೆ ಒದಗಿಸುವವರ ಭದ್ರತೆಯನ್ನೂ ಸಂಸ್ಥೆಗಳು ಪರಿಶೀಲಿಸಬೇಕೆಂಬ ಷರತ್ತಿರುವುದರಿಂದ, ಐರೋಪ್ಯ ಗ್ರಾಹಕರಿರುವ ಬೆಂಗಳೂರಿನ ಐಟಿ ಕಂಪನಿಗಳಿಗೂ ಇದರ ಬಿಸಿ ಒಪ್ಪಂದದ ಕರಾರುಗಳ ಮೂಲಕ ತಟ್ಟುತ್ತದೆ. ವರದಿಯ ಅವಸರವೇನೂ ಅವುಗಳಿಗೆ ಹೊಸದಲ್ಲ: ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ಆದೇಶ ಕೊಡುವ ಅವಧಿ ಆರೇ ಗಂಟೆ.